ದೇಶ ಸುತ್ತುವುದೂ ಕೋಶ ಓದುವುದೂ

"ಅಲ್ಲ ಕಣವ್ವಾ, ಕಲ್ಲು ನೋಡೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮ ಹೊಲದಲ್ಲೇ ಬೇಕಾದಷ್ಟು ಬಿದ್ದವಲ್ಲ!"

2024ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಭಾನುವಾರ ನಾನು ಇಂಗ್ಲೆಂಡಿನಿಂದ ಮನೆಗೆ ಫೋನು ಮಾಡಿ, ಹಿಂದಿನ ದಿನ ಹೇಡ್ರಿಯನ್ ಚಕ್ರವರ್ತಿಯ ಗೋಡೆಯನ್ನು ನೋಡಿಬಂದೆನೆಂದು ಸಂಭ್ರಮದಿಂದ ಹೇಳಿದಾಗ ನನ್ನ ತಂದೆ ಆಡಿದ ಮಾತಿದು. ಅವರು ಕೋಪದಿಂದ ಆಡಿದ ಮಾತಲ್ಲ. ಆದರೆ ಬರಿಯ ನಗೆಯ ಮಾತೂ ಅಲ್ಲ. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರಕ್ಕಾಗಿ ಮಾಡಿದ ಪ್ರಯತ್ನ.

ಮೊದಲು ನನ್ನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಾಸನ ಜಿಲ್ಲೆಯ ಒಂದು ಹಳ್ಳಿ ನನ್ನದು. ನಮ್ಮ ಮನೆಯಲ್ಲಿ ಎಸ್.ಎಸ್.ಎಲ್.ಸಿ. ದಾಟಿದವರಲ್ಲಿ ನಾನೇ ಮೊದಲಿನವಳು. ಒಂದು ವಿದ್ಯಾರ್ಥಿವೇತನ ದೊರೆತದ್ದರಿಂದ ಬಿ.ಎ. ಎರಡನೆಯ ವರ್ಷದಲ್ಲಿ, ಜನವರಿಯಿಂದ ಮೇ ತಿಂಗಳವರೆಗೆ, ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಓದುವ ಅವಕಾಶ ಸಿಕ್ಕಿತು. ಪಾಠದ ಶುಲ್ಕವೂ ವಸತಿಯೂ ಅವರದೇ. ಊಟಕ್ಕೆಂದು ತಿಂಗಳಿಗಿಷ್ಟು ಹಣ. ಆದರೆ ಹೊರಡುವ ಮುನ್ನ ಆಗಬೇಕಾದ ಖರ್ಚಿಗೆ ನಮ್ಮಲ್ಲಿ ಹಣವಿರಲಿಲ್ಲ. ಅವ್ವನ ಎರಡೆಳೆಯ ಸರವನ್ನು ಅಡವಿಡಬೇಕಾಯಿತು.

ಅಲ್ಲಿ ಸಾಕಷ್ಟು ಬಿಗಿ ಹಿಡಿದು ಬದುಕಿದರೆ ತಿಂಗಳ ಕೊನೆಗೆ ಸ್ವಲ್ಪ ಹಣ ಉಳಿಯುತ್ತಿತ್ತು. ನನ್ನೊಡನೆ ಬಂದಿದ್ದ ಬೇರೊಂದು ಕಾಲೇಜಿನ ಗೆಳತಿಯೊಬ್ಬಳು ಉಳಿದುದೆಲ್ಲವನ್ನೂ ಮನೆಗೆ ಕಳುಹಿಸಿದಳು. ನಾನು ಸುಮಾರು 180 ಪೌಂಡುಗಳನ್ನು, ಎಂದರೆ ಹೆಚ್ಚು ಕಡಿಮೆ 19,000 ರೂಪಾಯಿಗಳನ್ನು, ಊರು ನೋಡುವುದಕ್ಕೆ ವೆಚ್ಚ ಮಾಡಿದೆ. ಆ ಹಣವಿದ್ದಿದ್ದರೆ ಅವ್ವನ ಸರ ಆರು ತಿಂಗಳು ಮೊದಲೇ ಮನೆಗೆ ಬರುತ್ತಿತ್ತು. ಹೀಗಿರುವಲ್ಲಿ ನಾನು ಮಾಡಿದ್ದು ಸರಿಯೆ?

ಇದು ನನ್ನೊಬ್ಬಳ ಪ್ರಶ್ನೆಯಾಗಿದ್ದರೆ ಈ ಪುಟಗಳನ್ನು ತುಂಬಿಸುತ್ತಿರಲಿಲ್ಲ. ನಮ್ಮಂಥ ಮನೆಗಳಿಂದ ಬಂದವರು ಇನ್ನು ಮುಂದೆಯೂ ಹೊರನಾಡುಗಳಿಗೆ ಓದಲು ಹೋಗುತ್ತಾರೆ, ಹೋಗಬೇಕು. ಆಗ ಅವರೆದುರಿಗೂ ಈ ಪ್ರಶ್ನೆ ನಿಲ್ಲುತ್ತದೆ. ಪರದೇಶದಲ್ಲಿ ಓದುವಾಗ ಅಲ್ಲಿನ ಐತಿಹಾಸಿಕ ಸ್ಥಳಗಳನ್ನು ನೋಡುವುದು ಮೋಜೆಂದು ತಿಳಿದವರು ಕೆಲವರು. ಫೋಟೋ ತೆಗೆದು ಗೆಳೆಯರಿಗೆ ತೋರಿಸುವುದಷ್ಟೇ ಅದರ ಪ್ರಯೋಜನವೆಂದು ತಿಳಿದವರು ಬಹುಮಂದಿ. ನನ್ನ ಅಭಿಪ್ರಾಯ ಎರಡೂ ಅಲ್ಲ. ಅದು ಓದಿನ ಒಂದು ಭಾಗ, ಕೆಲವು ವೇಳೆ ಓದಿನ ಮುಖ್ಯ ಭಾಗ. ಆದರೆ ನೋಡುವ ಕ್ರಮವನ್ನು ಕಲಿತು ನೋಡಿದರೆ ಮಾತ್ರ.

ಈ ಕ್ರಮವನ್ನು ನಾನೂ ತಪ್ಪು ಮಾಡಿಯೇ ಕಲಿತೆ. ಫೆಬ್ರವರಿಯಲ್ಲಿ ಹತ್ತು ಹನ್ನೆರಡು ಮಂದಿ ಗುಂಪು ಕಟ್ಟಿಕೊಂಡು ಎಡಿನ್‌ಬರೋ ನಗರಕ್ಕೆ ಹೋದೆವು. ಒಂದೇ ದಿನದಲ್ಲಿ ಕೋಟೆ, ಅರಮನೆ, ವಸ್ತುಸಂಗ್ರಹಾಲಯ, ಗುಡ್ಡ, ಅಂಗಡಿಬೀದಿ ಎಲ್ಲವೂ ಆಯಿತು. ರಾತ್ರಿ ಕೋಣೆಗೆ ಬಂದು ನೋಡಿದರೆ ಫೋನಿನಲ್ಲಿ ನೂರಾರು ಚಿತ್ರಗಳು. ತಲೆಯಲ್ಲಿ ಒಂದೂ ಇಲ್ಲ. ಕೋಟೆಯನ್ನು ಯಾರು ಕಟ್ಟಿದರು, ಯಾರ ಮೇಲಿನ ಭಯಕ್ಕೆ ಕಟ್ಟಿದರು ಎಂದು ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಎನ್ನಬೇಕಾಗಿತ್ತು. ನೆನಪಿನಲ್ಲಿ ಉಳಿದದ್ದು ಹಿಮ್ಮಡಿಯ ಬೊಬ್ಬೆ ಮತ್ತು ಒಂದು ಲೋಟ ಕಾಫಿಯ ಬೆಲೆ. ಅಂದು ವೆಚ್ಚವಾದ ಹಣ ನಿಜವಾಗಿಯೂ ದಂಡ. ಅದಕ್ಕಾಗಿ ಅವ್ವನ ಕ್ಷಮೆಯನ್ನು ಕೇಳುವುದಲ್ಲದೆ ಬೇರೆ ಸಮಾಧಾನವಿಲ್ಲ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಒಂದು ದಿನಕ್ಕೆ ಒಂದೇ ಸ್ಥಳ. ಹೋಗುವ ಮುನ್ನ ಎರಡು ಸಂಜೆ ಗ್ರಂಥಾಲಯದಲ್ಲಿ ಕುಳಿತು ಅದರ ವಿಷಯ ಓದುವುದು. ಬಂದ ರಾತ್ರಿ ಮಲಗುವ ಮುನ್ನ ನೋಟ್ ಪುಸ್ತಕದಲ್ಲಿ ಎರಡು ಪುಟ ಬರೆಯುವುದು, ಕನ್ನಡದಲ್ಲಿ. ನಮ್ಮ ಹಿರಿಯರು ದೇಶ ಸುತ್ತಬೇಕು, ಕೋಶ ಓದಬೇಕು ಎಂದರು. ಅವು ಎರಡು ಬೇರೆ ಬೇರೆ ಕೆಲಸಗಳೆಂದು ನಾನು ಭಾವಿಸಿದ್ದೆ. ಒಂದು ಕೈಯಲ್ಲಿ ಚಪ್ಪಾಳೆಯಾಗದ ಹಾಗೆ ಇವೂ ಒಂದನ್ನು ಬಿಟ್ಟು ಇನ್ನೊಂದು ಆಗುವುದಿಲ್ಲವೆಂದು ತಿಳಿದದ್ದು ಆ ಮೂರು ತಿಂಗಳಲ್ಲಿ.

ಏಪ್ರಿಲ್‌ನಲ್ಲಿ ಗೋಡೆಯನ್ನು ನೋಡಲು ಹೋದದ್ದು ಈ ನಿಯಮದಂತೆಯೇ. ಕ್ರಿ.ಶ. 122ರಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ತನ್ನ ಸಾಮ್ರಾಜ್ಯದ ಉತ್ತರದ ಗಡಿಯಲ್ಲಿ, ಪೂರ್ವದ ಟೈನ್ ನದಿಯ ದಡದಿಂದ ಪಶ್ಚಿಮದ ಕಡಲಿನವರೆಗೆ, ಸುಮಾರು 117 ಕಿಲೋಮೀಟರು ಉದ್ದದ ಗೋಡೆಯನ್ನು ಕಟ್ಟಿಸಲು ತೊಡಗಿದನು. ಮೈಲಿಗೊಂದು ಕಾವಲುಕೋಟೆ, ನಡುನಡುವೆ ಗೋಪುರಗಳು. ಅಲ್ಲಿ ಓಡಾಡುವ ಬಸ್ಸಿಗೂ ಆ ಇಸವಿಯದೇ ಸಂಖ್ಯೆ, 122. ಬಸ್ಸಿಳಿದು ಗೋಡೆಯ ಪಕ್ಕದಲ್ಲಿ ನಡೆದೆ. ಬಂಡೆಯ ಏಣಿನ ಮೇಲೆ ಏರಿ ಇಳಿದು ಸಾಗುವ ಗೋಡೆ. ಎರಡು ಕಡೆಯೂ ಕುರಿ ಮೇಯುವ ಹುಲ್ಲು. ಕಿವಿ ಕೊರೆಯುವ ಗಾಳಿ. 2023ರ ಸೆಪ್ಟೆಂಬರಿನಲ್ಲಿ ಕಡಿಯಲ್ಪಟ್ಟ ಪ್ರಸಿದ್ಧವಾದ ಮರದ ಬುಡವೂ ಅಲ್ಲಿಯೇ ಇತ್ತು.

ಪುಸ್ತಕ ಓದದೆ ಹೋಗಿದ್ದರೆ ಎದೆಯೆತ್ತರದ ಒಂದು ಕಲ್ಲುಗೋಡೆಯನ್ನು ಕಂಡು, "ಇಷ್ಟೇ ತಾನೆ" ಎಂದು ಬರುತ್ತಿದ್ದೆನೇನೋ. ಓದಿ ಹೋದುದರಿಂದ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಮೊದಲನೆಯದು, ಗೋಡೆ ಕಟ್ಟಿದ ಸೈನಿಕರ ತುಕಡಿಗಳು ಅಲ್ಲಲ್ಲಿ ಕಲ್ಲಿನ ಮೇಲೆ ತಮ್ಮ ಗುರುತನ್ನು ಕೆತ್ತಿವೆ: ಈ ಭಾಗ ಇಂಥ ತುಕಡಿಯದು ಎಂದು. ಬೇಲೂರಿನಲ್ಲಿ ದಾಸೋಜನೂ ಅವನ ಮಗ ಚಾವಣನೂ ತಮ್ಮ ಶಿಲ್ಪಗಳ ಕೆಳಗೆ ಹೆಸರು ಬರೆದುದು ನೆನಪಾಯಿತು. ಚಕ್ರವರ್ತಿಯ ಹೆಸರಿನ ಗೋಡೆಯಲ್ಲಿ ಕೆಲಸ ಮಾಡಿದವನಿಗೂ ತನ್ನ ಹೆಸರು ಉಳಿಯಲೆಂಬ ಆಸೆ. ಇದು ಎಲ್ಲ ದೇಶದ ಆಸೆ.

ಎರಡನೆಯ ಸಂಗತಿ ನಮಗೆ ಇನ್ನೂ ಮುಖ್ಯವಾದುದು. "ಅವರು ಹಳೆಯದನ್ನು ಹೇಗೆ ಕಾಪಾಡಿದ್ದಾರೆ ನೋಡಿ, ನಾವು ಹೇಗೆ ಹಾಳುಮಾಡಿದ್ದೇವೆ ನೋಡಿ" ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಇದು ಅರ್ಧ ಸತ್ಯ. ನೂರಾರು ವರ್ಷ ಅಲ್ಲಿನ ರೈತರು ಆ ಗೋಡೆಯ ಕಲ್ಲನ್ನು ಕಿತ್ತು ಮನೆಗೂ ಕೊಟ್ಟಿಗೆಗೂ ಇಗರ್ಜಿಗೂ ಬಳಸಿದರು. ಹದಿನೆಂಟನೆಯ ಶತಮಾನದ ನಡುವೆ ಸರ್ಕಾರವೇ ಸೈನ್ಯಕ್ಕೆಂದು ಒಂದು ರಸ್ತೆ ಮಾಡಲು ಗೋಡೆಯನ್ನು ಮೈಲಿಗಟ್ಟಲೆ ಕೆಡವಿ ರಸ್ತೆಯ ತಳಕ್ಕೆ ಹಾಕಿತು. ಮುಂದಿನ ಶತಮಾನದಲ್ಲಿ ನ್ಯೂಕ್ಯಾಸಲ್ ಪುರಸಭೆಯ ಅಧಿಕಾರಿಯಾಗಿದ್ದ ಜಾನ್ ಕ್ಲೇಟನ್ ಎಂಬಾತ ಗೋಡೆ ಹಾದುಹೋಗುವ ಹೊಲಗಳನ್ನು ಒಂದೊಂದಾಗಿ ಕೊಂಡು ಉಳಿದುದನ್ನು ಉಳಿಸಿದನು. ಅದು ಲೋಕಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ಎಂದ ಮೇಲೆ ಕಾಪಾಡುವ ಗುಣ ಅವರಿಗೆ ಹುಟ್ಟಿನಿಂದ ಬಂದುದಲ್ಲ, ಕಲಿತದ್ದು. ಅವರು ಕಲಿತದ್ದನ್ನು ನಾವೂ ಕಲಿಯಬಹುದು. ಪರದೇಶದ ಸ್ಥಳ ನೋಡಿ ನಮ್ಮನ್ನು ನಾವೇ ಹಳಿದುಕೊಳ್ಳುವುದೂ ಒಂದು ಬಗೆಯ ಅಜ್ಞಾನವೇ.

ಗೋಡೆಯ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ವಿಂಡೋಲ್ಯಾಂಡ ಎಂಬ ಕೋಟೆಯ ಅವಶೇಷವಿದೆ. ಅಲ್ಲಿಯ ಟಿಕೆಟ್ಟಿನ ಹಣ ನನ್ನ ಎರಡು ದಿನದ ಊಟದಷ್ಟು. ಬಾಗಿಲಲ್ಲಿ ನಿಂತು ಹಿಂದೆಮುಂದೆ ನೋಡಿದೆ. ಕೊನೆಗೆ ಒಳಗೆ ಹೋದೆ. ಅಲ್ಲಿ ನೆಲದೊಳಗಿನ ಹಸಿಮಣ್ಣಿನಲ್ಲಿ 1973ರಿಂದೀಚೆಗೆ ಸಾವಿರಕ್ಕೂ ಹೆಚ್ಚು ಮರದ ಓಲೆಗಳು ದೊರೆತಿವೆ. ತೆಳ್ಳಗೆ ಸೀಳಿದ ಮರದ ಹಲಗೆಯ ಮೇಲೆ ಮಸಿಯಿಂದ ಬರೆದ ಕಾಗದಗಳು, ಲೆಕ್ಕಪತ್ರಗಳು. ಒಂದು ಓಲೆಯಲ್ಲಿ ಯಾರೋ ಒಬ್ಬ ಸೈನಿಕನಿಗೆ ಕಾಲುಚೀಲ, ಎರಡು ಜೊತೆ ಪಾದರಕ್ಷೆ, ಎರಡು ಜೊತೆ ಒಳಉಡುಪು ಕಳುಹಿಸಿರುವುದಾಗಿ ಬರೆದಿದೆ. ಅದನ್ನೋದಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನನ್ನ ಕೋಣೆಯಲ್ಲಿ ಅವ್ವ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬ ತಳ ಕಂಡಿತ್ತು.

ಇನ್ನೊಂದು ಓಲೆ ಸುಮಾರು ಕ್ರಿ.ಶ. 100ರ ಕಾಲದ್ದು. ಕ್ಲಾಡಿಯ ಸೆವೆರ ಎಂಬ ಹೆಂಗಸು, ಇನ್ನೊಂದು ಕೋಟೆಯ ಅಧಿಕಾರಿಯ ಹೆಂಡತಿ, ಈ ಕೋಟೆಯ ದಳಪತಿಯ ಹೆಂಡತಿಯಾದ ಲೆಪಿಡಿನಳಿಗೆ ಬರೆದ ಆಹ್ವಾನಪತ್ರ. ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬಂದರೆ ಆ ದಿನದ ಸಂತೋಷ ಹೆಚ್ಚುತ್ತದೆ ಎಂಬುದು ಅದರ ತಾತ್ಪರ್ಯ. ಕಾಗದದ ಹೆಚ್ಚಿನ ಭಾಗವನ್ನು ಕರಣಿಕನೊಬ್ಬ ಅಚ್ಚುಕಟ್ಟಾಗಿ ಬರೆದಿದ್ದಾನೆ. ಕೊನೆಯ ಒಂದೆರಡು ಸಾಲು ಮಾತ್ರ ಬೇರೆ ಕೈ, ಸೊಟ್ಟ ಅಕ್ಷರ. ಅವು ಸೆವೆರಳ ಸ್ವಂತ ಕೈಬರಹವೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ಹೆಂಗಸೊಬ್ಬಳು ಕೈಯಾರೆ ಬರೆದ ಬರಹಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯವುಗಳಲ್ಲಿ ಇದು ಒಂದು. ಮೂಲ ಓಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಭಾನುವಾರದ ಫೋನಿನಲ್ಲಿ ಅಪ್ಪ ಕಲ್ಲಿನ ಮಾತು ಆಡಿದ ಮೇಲೆ ನಾನು ಮಾತು ತಿರುಗಿಸಲು ಈ ಓಲೆಯ ಕಥೆಯನ್ನು ಅವ್ವನಿಗೆ ಹೇಳಿದೆ. ನನ್ನ ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದವಳು. ನಾನು ಹೈಸ್ಕೂಲಿನಲ್ಲಿದ್ದಾಗ ಸ್ವಸಹಾಯ ಸಂಘದ ಪುಸ್ತಕದಲ್ಲಿ ರುಜು ಹಾಕುವುದಕ್ಕೆಂದು ಹೆಸರು ಬರೆಯುವುದನ್ನು ನನ್ನಿಂದ ಕಲಿತಳು. ಅವಳ ಅಕ್ಷರವೂ ಸೊಟ್ಟವೇ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆಯಮ್ಮ ಬರೆದದ್ದು ಇನ್ನೂ ಅಳಿಸಿಲ್ವಾ?" ಎಂದಳು. ಆಮೇಲೆ, "ಬರುವಾಗ ಅದರ ಪಟ ತಗೊಂಡು ಬಾ" ಎಂದಳು. ನನ್ನ ಅಲ್ಲಿಯ ವಾಸದಲ್ಲಿ ಯಾರೂ ನನಗೆ ತರಲು ಹೇಳಿದ ವಸ್ತು ಅದೊಂದೇ.

ಮೇ ತಿಂಗಳಲ್ಲಿ ಕಡಲ ತೀರದ ಸೌತ್ ಶೀಲ್ಡ್ಸ್ ಎಂಬ ಊರಿಗೆ ಹೋದೆ. ಅಲ್ಲಿಯೂ ಒಂದು ರೋಮನ್ ಕೋಟೆ. ಅದರ ಮ್ಯೂಸಿಯಂನಲ್ಲಿ ಒಂದು ಸಮಾಧಿಶಿಲೆ. ಸಿರಿಯ ದೇಶದ ಪಾಲ್ಮೈರ ನಗರದಿಂದ ಬಂದ ಬರಾಟೀಸ್ ಎಂಬವನು ತನ್ನ ಹೆಂಡತಿ ರೆಜಿನಳಿಗಾಗಿ ನಿಲ್ಲಿಸಿದ್ದು. ಅವಳು ಬ್ರಿಟನ್ನಿನವಳು, ಮೊದಲು ಅವನ ದಾಸಿಯಾಗಿದ್ದು ಬಿಡುಗಡೆ ಪಡೆದವಳು, ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡವಳು. ಕಲ್ಲಿನಲ್ಲಿ ಅವಳು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಾಳೆ. ಕೈಯಲ್ಲಿ ನೂಲುವ ಕದಿರು, ಪಕ್ಕದಲ್ಲಿ ಉಣ್ಣೆಯ ಉಂಡೆಗಳ ಬುಟ್ಟಿ. ಮುಖ ಒಡೆದುಹೋಗಿದೆ. ಕೆಳಗೆ ಲ್ಯಾಟಿನ್ನಿನಲ್ಲಿ ಅವಳ ಹೆಸರು, ಕುಲ, ವಯಸ್ಸು, ಸರ್ಕಾರಿ ಕಾಗದದ ಹಾಗೆ. ಎಲ್ಲಕ್ಕೂ ಕೆಳಗೆ ಒಂದೇ ಒಂದು ಸಾಲು ಅವನ ಸ್ವಂತ ಪಾಲ್ಮೈರದ ಲಿಪಿಯಲ್ಲಿದೆ. ಅಯ್ಯೋ ಎಂಬ ಅರ್ಥದ ಮಾತು ಇರುವುದು ಆ ಸಾಲಿನಲ್ಲಿ ಮಾತ್ರ.

ಆ ಊರಿನಲ್ಲಿ ಆ ಲಿಪಿಯನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಬರೆಸಿದ. ಕನ್ನಡ ಮಾಧ್ಯಮದಲ್ಲಿ ಓದಿ, ನಾಲ್ಕು ತಿಂಗಳು ಇಂಗ್ಲಿಷಿನಲ್ಲಿಯೇ ಉಸಿರಾಡಬೇಕಾಗಿ ಬಂದಿದ್ದ ನನಗೆ ಆ ಸಾಲನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಲೆಕ್ಕಾಚಾರಕ್ಕೆ ಲೋಕದ ಭಾಷೆ ಸಾಕು, ದುಃಖಕ್ಕೆ ತಾಯಿನುಡಿಯೇ ಆಗಬೇಕು. ಭಾಷಾಶಾಸ್ತ್ರದ ತರಗತಿಯಲ್ಲಿ ಒಂದು ಅವಧಿಯೆಲ್ಲ ಕೇಳಿದರೂ ನನ್ನ ಮನಸ್ಸಿಗೆ ಇಳಿಯದ ವಿಷಯ ಆ ಕಲ್ಲಿನ ಮುಂದೆ ಐದು ನಿಮಿಷದಲ್ಲಿ ಇಳಿಯಿತು. ಸ್ಥಳಕ್ಕೆ ಹೋಗಿಯೇ ನೋಡಬೇಕು ಎನ್ನುವುದು ಇದಕ್ಕಾಗಿ.

"ನಮ್ಮನ್ನು ಆಳಿದವರ ಕಲ್ಲು ಮಣ್ಣನ್ನು ನೋಡಿ ನಾವೇಕೆ ಮರುಳಾಗಬೇಕು?" ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಒಳ್ಳೆಯ ಆಕ್ಷೇಪ. ಮರುಳಾಗಬೇಕಾಗಿಲ್ಲ, ಆದರೆ ನೋಡಬೇಕು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿಯಿದೆ. ಬಿಳಿಯ ಸಿಪಾಯಿಯೊಬ್ಬನ ಮೇಲೆ ಎರಗಿ ಕುಳಿತ ಹುಲಿ; ಹಿಡಿ ತಿರುಗಿಸಿದರೆ ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುವಂತೆ ಒಳಗೆ ಯಂತ್ರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಒಯ್ದದ್ದು. ಗಾಜಿನಾಚೆ ನಿಂತು ಅದನ್ನು ನೋಡಿದಾಗ ಕೋಪ ಬಂದದ್ದು ನಿಜ. ಅದರ ಹಿಂದೆಯೇ ನಾಚಿಕೆಯೂ ಬಂತು. ಲಂಡನ್ನಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ನಾನು ಶ್ರೀರಂಗಪಟ್ಟಣಕ್ಕೆ ಒಂದು ಸಲವೂ ಹೋಗಿರಲಿಲ್ಲ. ಕಳೆದುಕೊಂಡುದನ್ನು ಕೇಳುವ ಹಕ್ಕು ನಮಗಿದೆ; ಇರುವುದನ್ನು ನೋಡದವರ ಬಾಯಲ್ಲಿ ಆ ಮಾತಿಗೆ ತೂಕ ಕಡಿಮೆ.

ಆಳಿದವರಲ್ಲಿಯೂ ಆಳಿಸಿಕೊಂಡವರು ಇದ್ದರೆಂಬುದನ್ನೂ ನೋಡಿಯೇ ತಿಳಿಯಬೇಕು. 1093ರಲ್ಲಿ ಕಟ್ಟಲಾರಂಭಿಸಿದ ಡರ್ಹ್ಯಾಮಿನ ಮಹಾ ಇಗರ್ಜಿಯೊಳಗೆ, ಸಂತರ ಸಮಾಧಿಗಳಿರುವ ಕಟ್ಟಡದಲ್ಲಿಯೇ, ಆ ಪ್ರಾಂತದ ಕಲ್ಲಿದ್ದಲ ಗಣಿಗಳಲ್ಲಿ ಸತ್ತ ಕೂಲಿಗಳಿಗೆ ಒಂದು ಸ್ಮಾರಕವಿದೆ. 1650ರಲ್ಲಿ ಅದೇ ಇಗರ್ಜಿಯಲ್ಲಿ ಯುದ್ಧಕೈದಿಗಳಾಗಿ ಕೂಡಿಹಾಕಲ್ಪಟ್ಟ ಸ್ಕಾಟ್ಲೆಂಡಿನ ಸೈನಿಕರು ನೂರುಗಟ್ಟಲೆ ಸತ್ತರು. ಇಂಗ್ಲೆಂಡೆಂದರೆ ವೈಸರಾಯರು ಮಾತ್ರವೆಂದು ತಿಳಿದಿದ್ದ ನನಗೆ ಇದು ಹೊಸ ಪಾಠ.

ಇನ್ನು ಹಣದ ಮಾತು. ನನ್ನ ಗೆಳತಿ ಮಾಡಿದ್ದು ತಪ್ಪೆಂದು ನಾನು ಎಂದೂ ಹೇಳಲಾರೆ. ಅವಳ ಮನೆಯ ಅಗತ್ಯ ಅವಳಿಗೆ ಗೊತ್ತು. ಬಡವರ ಮಕ್ಕಳಿಗೆ ಹೊಟ್ಟೆಬಟ್ಟೆಯೇ ಸಾಕು, ನೋಟ ಕೇಳುವುದು ಶ್ರೀಮಂತರ ಹಕ್ಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶ್ರೀಮಂತರ ಮಕ್ಕಳು ಇಂದಲ್ಲದಿದ್ದರೆ ನಾಳೆ ಹೋದಾರು; ನಮಗೆ ಇನ್ನೊಂದು ಸಲ ಬರುತ್ತದೆಂಬ ಭರವಸೆಯಿಲ್ಲ. ಆದಕಾರಣ ನಾವೇ ಹೆಚ್ಚು ಎಚ್ಚರದಿಂದ, ಹೆಚ್ಚು ಓದಿಕೊಂಡು ನೋಡಬೇಕು. ಬ್ರಿಟಿಷ್ ಮ್ಯೂಸಿಯಂನಂಥ ದೊಡ್ಡ ಸಂಗ್ರಹಾಲಯಗಳಿಗೆ ಪ್ರವೇಶಧನವೇ ಇಲ್ಲ. ರೊಟ್ಟಿ ಕಟ್ಟಿಕೊಂಡು ನಡೆಯಬಲ್ಲವರಿಗೆ ಬಸ್ಸಿನ ಖರ್ಚೇ ಮುಖ್ಯ ಖರ್ಚು. ನನ್ನ 180 ಪೌಂಡಿನಲ್ಲಿ ಎಡಿನ್‌ಬರೋವಿನ ದಂಡವನ್ನು ಕಳೆದು ಉಳಿದುದಕ್ಕೆ ನಾನು ಲೆಕ್ಕ ಕೊಡಬಲ್ಲೆ. ಆದರೆ ಆ ಲೆಕ್ಕದಲ್ಲಿ ಅವ್ವನ ಬರಿಗೊರಳೂ ಸೇರಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಸರವನ್ನು ನವೆಂಬರಿನಲ್ಲಿ ಮುಸುಕಿನ ಜೋಳ ಮಾರಿದ ಮೇಲೆ ಅಪ್ಪ ಬಿಡಿಸಿ ತಂದರು.

ಊರಿಗೆ ಬಂದ ವಾರ ಅಪ್ಪನ ಜೊತೆ ಹೊಲಕ್ಕೆ ಹೋದೆ. ಬದುವಿನ ಲಂಟಾನದ ಪೊದೆಯಲ್ಲಿ ಒಂದು ಕಲ್ಲು ಓರೆಯಾಗಿ ನಿಂತಿದೆ. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಬುತ್ತಿ ಉಂಡಿದ್ದೇನೆ. ಪೊದೆ ಸವರಿ ನೋಡಿದೆವು. ಕೆಳಗೆ ಕತ್ತಿ ಹಿಡಿದು ಕಾದುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ನೆಯರು, ಮೇಲೆ ಲಿಂಗ. ಪಟ್ಟಿಗಳ ನಡುವೆ ನಾಲ್ಕು ಸಾಲು ಅಕ್ಷರ. "ಅದಕ್ಕೆ ನೇಗಿಲು ತಾಗಿಸಬೇಡ ಅಂತ ನಮ್ಮಜ್ಜ ಹೇಳ್ತಿದ್ರು" ಎಂದರು ಅಪ್ಪ. ಕಲ್ಲು ಬೇಕಾದಷ್ಟು ಬಿದ್ದಿವೆ ಎಂದವರು ಆ ಕಲ್ಲನ್ನು ನಲವತ್ತು ವರ್ಷ ನೇಗಿಲಿನಿಂದಲೂ ಟ್ರಾಕ್ಟರಿನಿಂದಲೂ ಕಾಪಾಡಿಕೊಂಡು ಬಂದಿದ್ದರು. ಜಾನ್ ಕ್ಲೇಟನ್ನನ ವಿಷಯವನ್ನು ಅವರಿಗೆ ಹೇಳಲು ನನಗೆ ಸಂಕೋಚವಾಯಿತು.

ಆದರೆ ಆ ನಾಲ್ಕು ಸಾಲನ್ನು ಓದಲು ನಮ್ಮಿಬ್ಬರಿಗೂ ಬರಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ರೋಮನ್ ಹೆಂಗಸಿನ ಆಹ್ವಾನವನ್ನು ಇಂಗ್ಲಿಷಿನ ಮೂಲಕ ಓದಿಬಂದವಳಿಗೆ ನಮ್ಮ ಹೊಲದ ಕನ್ನಡ ಓದಲು ಬಾರದು! ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟ 1902ರಲ್ಲಿಯೇ ಅಚ್ಚಾಗಿದೆ. ನಮ್ಮ ಕಲ್ಲು ಅದರಲ್ಲಿದೆಯೋ ಎಂದು ಹುಡುಕುವಷ್ಟು ತಾಳ್ಮೆಯನ್ನು ನಾನು ಕಲಿತದ್ದು ನ್ಯೂಕ್ಯಾಸಲಿನ ಆ ಸಂಜೆಗಳಲ್ಲಿ. ಅಪ್ಪನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಆದುದರಿಂದ ನಮ್ಮ ಕಾಲೇಜಿನ ಹಿರಿಯರಲ್ಲಿ ಎರಡು ಬಿನ್ನಹಗಳು. ನಮ್ಮ ವಾರ್ಷಿಕ ಪ್ರವಾಸವೂ ನನ್ನ ಎಡಿನ್‌ಬರೋ ಪ್ರವಾಸದಂತೆಯೇ ಇದೆ: ಎರಡು ದಿನಕ್ಕೆ ಏಳು ಊರು, ಬಸ್ಸಿನಲ್ಲಿ ಸಿನಿಮಾ ಹಾಡು, ದೇವಸ್ಥಾನದ ಮುಂದೆ ಗುಂಪುಚಿತ್ರ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಲೋಕಪರಂಪರೆಯ ಪಟ್ಟಿಗೆ ಸೇರಿವೆ. ನಾವು ಅವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದೇವೆ. ಮುಂದಿನ ವರ್ಷದಿಂದ ಒಂದೇ ಸ್ಥಳಕ್ಕೆ, ಮೊದಲೇ ಓದಿಕೊಂಡು ಹೋಗುವಂತಾಗಲಿ; ಬಂದವರು ತಲಾ ಎರಡು ಪುಟ ಬರೆದುಕೊಡಲಿ. ಎರಡನೆಯದಾಗಿ, ಶನಿವಾರ ಮಧ್ಯಾಹ್ನ ಒಂದು ಗಂಟೆ ನಮಗೆ ಹಳಗನ್ನಡದ ಲಿಪಿಯನ್ನು ಓದಲು ಹೇಳಿಕೊಡುವಂತಾಗಲಿ.

ಅಂಥ ತರಗತಿ ನಡೆದರೆ ಅದರ ಮೊದಲನೆಯ ಪ್ರವಾಸಕ್ಕೆ ನಮ್ಮ ಹೊಲವೇ ಆಗಬಹುದು. ಲಂಟಾನದ ಪೊದೆಯನ್ನು ಅಪ್ಪ ಮತ್ತೆ ಬೆಳೆಯಗೊಟ್ಟಿಲ್ಲ. ಅವ್ವ ಎಲ್ಲರಿಗೂ ಬುತ್ತಿ ಕಟ್ಟಿಕೊಡುವುದಾಗಿ ಹೇಳಿದ್ದಾಳೆ.